ನೀರಿಗಿಳಿದ ಗೊರಸು

ತಿಮಿಂಗಿಲವು ಮೀನಲ್ಲ, ಮರಿಗೆ ಮೊಲೆಯೂಡಿಸುವ ಪ್ರಾಣಿಯೆಂಬುದನ್ನು ಶ್ರೋತೃಗಳು ಬಲ್ಲರು. ಆದರೆ ಅದರ ಪೂರ್ವಿಕರು ನೆಲದಲ್ಲಿ ಗೊರಸೂರಿ ನಡೆದವರೆಂದರೆ ಒಡನೆ ನಂಬುವುದು ಕಷ್ಟ. ಇದಕ್ಕೆ ಸಾಕ್ಷಿಯಾಗಿ ನಿಲ್ಲುವ ಒಂದು ಜೀವಿಯ ಎಲುಬುಗಳು ಜಮ್ಮು ಪ್ರಾಂತದ ಕಾಲಾಕೋಟ್ ಎಂಬಲ್ಲಿ, ಸುಮಾರು 4 ಕೋಟಿ 80 ಲಕ್ಷ ವರ್ಷಗಳಷ್ಟು ಹಳೆಯ ಬಂಡೆಗಳಲ್ಲಿ ದೊರೆತಿವೆ.

ಭೂವಿಜ್ಞಾನಿ ಎ. ರಂಗರಾಯರು 1971ರಲ್ಲಿ ಈ ಜೀವಿಗೆ ಇಂಡೋಹಯಸ್, ಎಂದರೆ ಭಾರತದ ಹಂದಿ, ಎಂದು ಹೆಸರಿಟ್ಟರು. ಅವರು ಕೂಡಿಹಾಕಿದ್ದ ಬಂಡೆತುಂಡುಗಳಲ್ಲಿ ಬಹುಭಾಗವು ಅವರು ತೀರಿಕೊಂಡಾಗ ಒಡೆಯದೆಯೇ ಉಳಿದಿತ್ತು. ಅವನ್ನು ಅವರ ಪತ್ನಿಯು ಜೋಪಾನ ಮಾಡಿ, ಮುಂದೆ ಅಮೆರಿಕದ ಥೆವಿಸ್ಸನ್ ಎಂಬ ವಿದ್ವಾಂಸರಿಗೆ ಒಪ್ಪಿಸಿದರು. ಆ ಜೋಪಾನವಿಲ್ಲದಿದ್ದರೆ ನಾವು ಈಗ ಹೇಳಹೊರಟಿರುವ ಕಥೆಯೇ ಇರುತ್ತಿರಲಿಲ್ಲ. ಕಲ್ಲನ್ನು ಬಿಡಿಸುತ್ತಿದ್ದಾಗ ಸಹಾಯಕರೊಬ್ಬರ ಕೈಯಲ್ಲಿ ಒಂದು ತಲೆಬುರುಡೆಯ ಕಿವಿಯೆಲುಬು ಅಕಸ್ಮಾತ್ತಾಗಿ ಮುರಿಯಿತು. ಮುರಿದೆಡೆಯಲ್ಲಿ ಕಂಡದ್ದು, ಒಳಗೋಡೆ ವಿಶೇಷವಾಗಿ ದಪ್ಪಗಾದ ರಚನೆ. ಅಂಥ ಕಿವಿ ತಿಮಿಂಗಿಲ ವಂಶಕ್ಕೆ ಮಾತ್ರ ಉಂಟೆಂದು ಅಲ್ಲಿಯವರೆಗೆ ಎಣಿಸಿದ್ದರು.

ಪ್ರಾಣಿಯಾದರೋ ಬೆಕ್ಕಿನಷ್ಟು ದೊಡ್ಡದು, ಸೀಳುಗೊರಸಿನ ಬಳಗದ್ದು. ನಮ್ಮ ಮಲೆನಾಡಿನಲ್ಲಿ ಕಾಣುವ, ಕೊಂಬಿಲ್ಲದ ಪುಟ್ಟ ಬರ್ಕವನ್ನು ನೆನೆದುಕೊಂಡರೆ ಅದರ ಆಕಾರವು ಒಂದಿಷ್ಟು ಕಣ್ಣಿಗೆ ಕಟ್ಟೀತು. ಅದರ ಕಾಲಿನ ಎಲುಬುಗಳ ಗೋಡೆ ದಪ್ಪ. ಅಂಥ ಭಾರದ ಎಲುಬು, ನೀರ್ಗುದುರೆಗೆ ಇರುವಂತೆ, ನೀರಿನ ತಳದಲ್ಲಿ ಕಾಲೂರಿ ನಡೆಯುವುದಕ್ಕೆ ಒದಗುತ್ತದೆ. ಹಲ್ಲಿನಲ್ಲಿರುವ ಆಮ್ಲಜನಕವನ್ನು ಪರೀಕ್ಷಿಸಿದಾಗಲೂ ಅದು ನೀರಿನಲ್ಲಿ ಬಹುಕಾಲ ಕಳೆಯುತ್ತಿದ್ದುದೇ ತೋರಿಬಂದಿತು. ಆಹಾರ ಮಾತ್ರ ಮೀನಲ್ಲ, ಸಸ್ಯ!

ಇಲ್ಲಿಯೇ ಹಳೆಯ ಊಹೆಗೆ ಪೆಟ್ಟು ಬಿದ್ದುದು. ಮೀನಿನ ಆಸೆಗಾಗಿ ತಿಮಿಂಗಿಲದ ಹಿರಿಯರು ನೀರಿಗಿಳಿದರೆಂದು ಹಿಂದೆ ಹೇಳುತ್ತಿದ್ದರು. ಥೆವಿಸ್ಸನ್ನರೂ ಸುನೀಲ್ ಬಾಜಪೇಯಿ ಮೊದಲಾದ ಸಹೋದ್ಯೋಗಿಗಳೂ 2007ರಲ್ಲಿ ಬೇರೆ ಮಾತನ್ನಾಡಿದರು: ಮೊದಲು ನೀರು ಅಡಗುದಾಣವಾಯಿತು, ಬೇಟೆ ಆಮೇಲೆ ಬಂದಿತು. ಆಫ್ರಿಕದಲ್ಲಿರುವ ಬರ್ಕದ ನಂಟಪ್ರಾಣಿಯೊಂದು ಇಂದಿಗೂ ಹದ್ದಿಗೆ ಹೆದರಿ ನೀರಿನಲ್ಲಿ ಮುಳುಗುವುದುಂಟು. ಹಸಿವಿಗಿಂತ ಭಯವೇ ಮುಂದಾಗಿ ಕಾಲನ್ನು ನೀರಿಗೆ ಎಳೆಯಿತೆಂಬ ಈ ವಾದವು ನಮಗೆ ಹೆಚ್ಚು ಸಹಜವಾಗಿ ತೋರುತ್ತದೆ.

ಒಂದು ಎಚ್ಚರಿಕೆ ಬೇಕು. ಇಂಡೋಹಯಸ್ಸು ತಿಮಿಂಗಿಲದ ಅಜ್ಜನಲ್ಲ. ಅದು ಬದುಕಿದ್ದ ಕಾಲಕ್ಕಾಗಲೇ ಪಾಕಿಸೆಟಸ್ ಎಂಬ ನಾಲ್ಕು ಕಾಲಿನ ತಿಮಿಂಗಿಲವು ಈಗಿನ ಪಾಕಿಸ್ತಾನದ ಹೊಳೆಗಳಲ್ಲಿ ಓಡಾಡಿತ್ತು. ಇವೆರಡೂ ಒಂದೇ ಮನೆತನದ ದಾಯಾದಿಗಳು: ಒಂದು ಕವಲು ಕಡಲು ಸೇರಿತು, ಇನ್ನೊಂದು ದಡದಲ್ಲಿಯೇ ಅಳಿಯಿತು.