ಮೂಲೆಯಲ್ಲಿ ಕೂಡುವ ಬೆರಳುಗಳು



ಎರಡು ಕೈಗಳ ಬೆರಳುಗಳನ್ನು ಒಂದರ ನಡುವೆ ಒಂದಾಗಿ ಹೆಣೆದು ಹಿಡಿದರೆ ಕಾಣುವ ರೂಪವೇ ಮರದ ಪೆಟ್ಟಿಗೆಯ ಮೂಲೆಯಲ್ಲಿಯೂ ಉಂಟು. ಒಂದು ಹಲಗೆಯ ಅಂಚಿನಲ್ಲಿ ಬೆರಳು, ಅದರ ಜೊತೆಯ ಹಲಗೆಯಲ್ಲಿ ಅದೇ ಅಳತೆಯ ಕಚ್ಚು. ಇಂಗ್ಲಿಷಿನಲ್ಲಿ ಇದನ್ನು ಫಿಂಗರ್ ಜಾಯಿಂಟ್ ಎನ್ನುತ್ತಾರೆ. ಈ ಉಪನ್ಯಾಸದಲ್ಲಿ ಬೆರಳುಗಚ್ಚು ಎಂದು ಕರೆಯಲಾಗಿದೆ. ಊರಿನ ಬಡಗಿಯ ಬಾಯಲ್ಲಿ ಬೇರೆ ಹೆಸರಿದ್ದರೆ ತರಗತಿಯಲ್ಲಿ ಅದನ್ನೇ ಬಳಸುವುದು ಮೇಲು. ಹಲಗೆಯ ತುದಿಮುಖಕ್ಕೆ ಹಚ್ಚಿದ ಅಂಟು ಮರದೊಳಕ್ಕೆ ಇಂಗಿಹೋಗಿ ಸರಿಯಾಗಿ ಹಿಡಿಯುವುದಿಲ್ಲ. ಬೆರಳುಗಳ ಪಕ್ಕಗಳು ಅಂಟಿಗೆ ಹೆಚ್ಚಿನ ಜಾಗವನ್ನು ಒದಗಿಸುವುದರಿಂದ ಮೂಲೆ ಬಲವಾಗುತ್ತದೆ.

ಹಿಂದೆ ಗರಗಸ, ಉಳಿಗಳಿಂದ ಆಗುತ್ತಿದ್ದ ಈ ಕೆಲಸವನ್ನು ಇಂದು ಲೇಸರ್ ಯಂತ್ರವೂ ಮಾಡುತ್ತದೆ. ಮರವನ್ನು ಕತ್ತರಿಸಲು ಸಾಮಾನ್ಯವಾಗಿ ಬಳಸುವ ಕಾರ್ಬನ್ ಡೈ ಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಕುಮಾರ್ ಪಟೇಲ್. ಅವರು ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಸೊಲ್ಲಾಪುರ, ಅಕ್ಕಲಕೋಟೆಗಳ ಶಾಲೆಗಳಲ್ಲಿ ಈ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಬಳೆಗಳಿಗಾಗಿ ಪೆಟ್ಟಿಗೆಯೊಂದನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾಳೆಂದು ಭಾವಿಸೋಣ. 90 ಮಿಲಿಮೀಟರ್ ಅಂಚಿನಲ್ಲಿ 10 ಮಿಲಿಮೀಟರಿನ ಒಂಬತ್ತು ಭಾಗಗಳು. ಬೆಸಸಂಖ್ಯೆಯಾದುದರಿಂದ ಎರಡು ತುದಿಗಳೂ ಸಮಾನವಾಗಿ ಮುಗಿಯುತ್ತವೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಕತ್ತರಿಸಿ ಜೋಡಿಸಿದರೆ ಮೂಲೆ ಅಲುಗುತ್ತದೆ. ಇಂಥ ಸಂದರ್ಭದಲ್ಲಿ ಅಂಟನ್ನು ಧಾರಾಳವಾಗಿ ಸುರಿದು ಮುಂದೆ ಸಾಗುವುದು ರೂಢಿ. ತಾನು ಅಳೆದದ್ದೇ ತಪ್ಪೆಂದು ಹುಡುಗಿ ನಂಬಿ ಮನೆಗೆ ಹೋಗುತ್ತಾಳೆ. ಅವಳಿಗೆ ಆಗುವ ಈ ಅನ್ಯಾಯ ಪೆಟ್ಟಿಗೆ ಕೆಡುವುದಕ್ಕಿಂತ ದೊಡ್ಡದು.

ತಪ್ಪು ಅವಳದಲ್ಲ. ಗರಗಸ ಹೊಟ್ಟನ್ನು ಉದುರಿಸುವಂತೆ ಲೇಸರ್ ಕಿರಣವೂ ತನ್ನ ಹಾದಿಯ ಮರವನ್ನು ಸುಟ್ಟು ಆವಿಯಾಗಿಸುತ್ತದೆ. ಆ ಹಾದಿಯ ಅಗಲ 0.2 ಮಿಲಿಮೀಟರ್ ಇದ್ದರೆ, ಬರೆದ ಗೆರೆಯ ಎರಡೂ ಪಕ್ಕಗಳಲ್ಲಿ 0.1ರಂತೆ ಮರ ಸವೆಯುತ್ತದೆ. ಬೆರಳಿಗೆ ಎರಡು ಅಂಚು. ಹೀಗಾಗಿ 10 ಮಿಲಿಮೀಟರಿನ ಬೆರಳು 9.8 ಆಗುತ್ತದೆ. ಕಚ್ಚು 10.2ಕ್ಕೆ ಹಿಗ್ಗುತ್ತದೆ. ನಡುವಿನ ಸಡಿಲ 0.4. ಪರಿಹಾರವೂ ಅದೇ ಲೆಕ್ಕದಲ್ಲಿದೆ: ಬೆರಳನ್ನು 10.2 ಎಂದೂ ಕಚ್ಚನ್ನು 9.8 ಎಂದೂ ಬರೆದರೆ ಎರಡೂ ಹತ್ತಕ್ಕೆ ಬಂದು ನಿಲ್ಲುತ್ತವೆ.

ಹಾದಿಯ ಅಗಲ ಯಂತ್ರದಿಂದ ಯಂತ್ರಕ್ಕೆ, ಹಲಗೆಯಿಂದ ಹಲಗೆಗೆ ಬದಲಾಗುವುದರಿಂದ ಅದನ್ನು ಅಳೆದೇ ತಿಳಿಯಬೇಕು. ಆಯತವೊಂದನ್ನು ಹತ್ತು ಪಟ್ಟಿಗಳಾಗಿ ಕತ್ತರಿಸಿ, ಪಟ್ಟಿಗಳನ್ನು ಅದೇ ಚೌಕಟ್ಟಿನೊಳಗೆ ಒಂದು ಬದಿಗೆ ಒತ್ತಿದರೆ ಇನ್ನೊಂದು ಬದಿಯಲ್ಲಿ ಖಾಲಿ ಜಾಗ ಉಳಿಯುತ್ತದೆ. ಅದು 2.2 ಮಿಲಿಮೀಟರ್ ಆದರೆ ಎಷ್ಟರಿಂದ ಭಾಗಿಸಬೇಕು? ಹೆಚ್ಚಿನ ಮಕ್ಕಳು ಹತ್ತು ಎನ್ನುತ್ತಾರೆ. ಪಟ್ಟಿಗಳು ಹತ್ತಾದರೂ ಕೊಯ್ತಗಳು ಹನ್ನೊಂದು. ಬೇಲಿಯ ಗೂಟಗಳನ್ನು ಎಣಿಸಿದ ರೈತರ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ. ಹಲಗೆಯ ದಪ್ಪವನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. 3 ಮಿಲಿಮೀಟರ್ ಎಂದು ಮಾರುವ ಪ್ಲೈವುಡ್ ಅಷ್ಟೇ ಇರುತ್ತದೆಂಬ ಭರವಸೆ ಸಲ್ಲದು.

ಇನ್ನು ಅಲಂಕಾರ. ಬೆರಳುಗಳ ಪಕ್ಕವನ್ನು ಅಲೆಯಾಗಿಯೋ ಎಲೆಯಾಗಿಯೋ ಬರೆಯುವುದು ಮಕ್ಕಳಿಗೆ ತೋಚುವ ಮೊದಲ ಉಪಾಯ. ಅದು ಫಲಿಸುವುದಿಲ್ಲ. ಕಿರಣ ಹಲಗೆಯ ಮೇಲೆ ನೇರವಾಗಿ ಇಳಿಯುವುದರಿಂದ ಕಚ್ಚಿನ ಅಗಲ ದಪ್ಪದುದ್ದಕ್ಕೂ ಒಂದೇ. ಅದರೊಳಗೆ ಕೂರುವ ಬೆರಳು ಒಮ್ಮೆ ಅಗಲ, ಒಮ್ಮೆ ಕಿರಿದಾದರೆ ಸಂದು ಉಳಿಯಲೇಬೇಕು. ಪಾರಿವಾಳದ ಬಾಲದಂತೆ ತುದಿಯಲ್ಲಿ ಹರಡುವ ಹಳೆಯ ಕಚ್ಚಿಗೂ ಇದೇ ತೊಡಕು: ಜೊತೆಯ ಹಲಗೆಯನ್ನು ದಪ್ಪದಲ್ಲಿ ಓರೆಯಾಗಿ ಕೊಯ್ಯಬೇಕು. ಬಡಗಿ ಗರಗಸವನ್ನು ವಾಲಿಸಿ ಅದನ್ನು ಮಾಡುತ್ತಾನೆ. ಶಾಲೆಗೆ ದೊರೆಯಬಹುದಾದ ಲೇಸರ್ ಯಂತ್ರಕ್ಕೆ ವಾಲುವುದು ತಿಳಿಯದು.

ಆದುದರಿಂದ ಸೊಬಗನ್ನು ಬೇರೆಡೆ ಹುಡುಕಬೇಕು. ಬೆರಳುಗಳ ಅಗಲವನ್ನೇ ತಾಳದಂತೆ ಬದಲಿಸಬಹುದು: 6, 8, 10, 13, 16, ಮತ್ತೆ 13, 10, 8, 6. ಮೊತ್ತ 90ಕ್ಕೇ ಬರುತ್ತದೆ. ನಡುವೆ ಹಿಗ್ಗಿ ಅಂಚುಗಳಿಗೆ ಕುಗ್ಗುವ ಸಾಲು ಕಣ್ಣಿಗೆ ಹಿತವಾಗುತ್ತದೆ. ಬೆರಳಿನ ಅಗಲ ಹಲಗೆಯ ದಪ್ಪಕ್ಕಿಂತ ಕಡಿಮೆಯಾದರೆ ಮುರಿಯುವ ಭಯವುಂಟು. ಬೆರಳುಗಳನ್ನು ಮೂಲೆಯಿಂದ ಮೂರು ನಾಲ್ಕು ಮಿಲಿಮೀಟರ್ ಹೊರಗೆ ಚಾಚಿ, ಹೊರಬಂದ ತುದಿಯನ್ನಷ್ಟೇ ದಳದಂತೆ ದುಂಡಗೆ ಮಾಡುವುದು ಇನ್ನೊಂದು ದಾರಿ. ಎಲ್ಲಕ್ಕಿಂತ ಚೆಲುವಾದುದು ಯಂತ್ರ ತಾನೇ ಕೊಡುವ ಬಣ್ಣ: ಸುಟ್ಟ ತುದಿಗಳು ಕಂದುಗಪ್ಪು, ಹಲಗೆಯ ಮುಖ ತಿಳಿ. ಎರಡೂ ಸರದಿಯಾಗಿ ಬಂದು ಮೂಲೆಯುದ್ದಕ್ಕೂ ಚೌಕಾಬಾರದ ಮನೆಗಳಂತೆ ಕಾಣುತ್ತವೆ. ಹೊಗೆಯ ಕಲೆ ಮುಖಕ್ಕೆ ಹತ್ತದಂತೆ ಕೊಯ್ಯುವ ಮೊದಲು ಕಾಗದದ ಟೇಪನ್ನು ಅಂಟಿಸುವುದು ವಾಡಿಕೆ. ಕಪ್ಪನ್ನು ಕೊಳೆಯೆಂದು ಬಗೆದು ಬೆರಳಿನ ಪಕ್ಕಗಳನ್ನು ಉಜ್ಜಿದರೆ ಬಿಗಿಯೂ ಹೋಗುತ್ತದೆ.

ಯಂತ್ರ ಓಡುವಾಗ ಅದನ್ನು ಬಿಟ್ಟು ಹೋಗಬಾರದು. ಬೆಂಕಿ ಹತ್ತುವುದು ಕ್ಷಣದ ಮಾತು. ಹೊಗೆ ಹೊರಹೋಗುವ ವ್ಯವಸ್ಥೆ ಇರಬೇಕು. ಪಿವಿಸಿಯನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಅದರಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಏಳುತ್ತದೆ.

ಯಂತ್ರವಿಲ್ಲದ ಶಾಲೆಗಳೇ ಹೆಚ್ಚು. ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮದಂಥ ಫ್ಯಾಬ್ ಲ್ಯಾಬುಗಳು ಎಲ್ಲ ಊರಿಗೂ ಹತ್ತಿರವಲ್ಲ. ಅಲ್ಲಿಯವರೆಗೆ ದಪ್ಪ ರಟ್ಟು, ಉಕ್ಕಿನ ಅಳತೆಪಟ್ಟಿ, ಚಾಕು ಸಾಕು. ಲೇಸರ್ ಮರವನ್ನು ತಿನ್ನುವಂತೆ ಚಾಕು ರಟ್ಟನ್ನು ತಿನ್ನದು; ಹಾದಿಯ ಅಗಲ ಇಲ್ಲಿ ಸೊನ್ನೆಯೆಂದೇ ಹಿಡಿಯಬಹುದು. ಆದರೆ ಮೂರು ಹಲಗೆಗಳು ಕೂಡುವ ತುದಿಮೂಲೆಯ ಪುಟ್ಟ ಘನ ಯಾವ ಹಲಗೆಗೆ ಸೇರಬೇಕೆಂಬ ಪ್ರಶ್ನೆ ರಟ್ಟಿನಲ್ಲಿಯೂ ಏಳುತ್ತದೆ. ಅದು ಒಂದಕ್ಕೆ ಮಾತ್ರ ಸೇರಬಲ್ಲದು. ಪೆಟ್ಟಿಗೆಯ ಎಂಟು ಮೂಲೆಗಳನ್ನೂ ಆರು ಹಲಗೆಗಳಿಗೆ ಹಂಚಿ ಬರೆಯುವಂತೆ ಮಕ್ಕಳಿಗೆ ಹೇಳಿ, ಮರುದಿನದವರೆಗೆ ಉತ್ತರವನ್ನು ತಡೆದಿಡಬಹುದು.