ಮೊದಲ ಮೀಟಿಂಗಿಗೆ ಜೊತೆಗೊಬ್ಬರು ಬೇಕು

(ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದೀರಿ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಾಲದ ಅರ್ಜಿ ಓದಿದವನಿಗೆ, ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದರ ಮೇಲೆ ಕಣ್ಣು ಹೋಗುತ್ತದೆ. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಎಂದು ಜನ ಸಂಕೋಚವಿಲ್ಲದೆ ಬರೆಯುತ್ತಾರೆ. 'ಕುಡಿತ ಬಿಡಿಸುವ ಚಿಕಿತ್ಸೆಗಾಗಿ' ಎಂಬ ಒಂದು ಅರ್ಜಿಯೂ ನನ್ನ ಮೇಜಿಗೆ ಬಂದಿಲ್ಲ. 'ಲಿವರ್ ತೊಂದರೆ' ಎಂದು ಬರುತ್ತದೆ, ಅದೂ ತೀರಾ ತಡವಾಗಿ.

ನಾನೂ ಮುಚ್ಚಿಟ್ಟವನೇ. ನನ್ನ ಭಾವಮೈದನ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಅವನ ಸಾಲ ತೀರಿಸಿದೆ, ಅವನ ಆಫೀಸಿಗೆ 'ಜ್ವರ' ಎಂದು ಫೋನ್ ಮಾಡಿದೆ, ಮಂತ್ರಾಲಯಕ್ಕೆ ಕರೆದುಕೊಂಡು ಹೋಗಿ ಪ್ರಮಾಣ ಮಾಡಿಸಿದೆ. ಪ್ರಮಾಣ ಹದಿನೇಳು ದಿನ ನಡೆಯಿತು. ಮುಳುಗಿದ ಸಾಲದ ಮೇಲೆ ಹೊಸ ಸಾಲ ಕೊಟ್ಟು ಖಾತೆ ಸರಿಯಿದೆ ಎಂದು ತೋರಿಸುವ ಮ್ಯಾನೇಜರುಗಳನ್ನು ನಾನು ಬೈದಿದ್ದೇನೆ. ಮನೆಯಲ್ಲಿ ನಾನು ಮಾಡುತ್ತಿದ್ದದ್ದೂ ಅದೇ.

ಕೊನೆಗೆ ಒಂದು ದಿನ ಅವನೇ 'ಇವತ್ತಿನಿಂದ ಬಂದ್' ಎಂದ. ನಾವೆಲ್ಲ ಸಂತೋಷಪಟ್ಟೆವು. ಮೂರನೆಯ ದಿನ ಕೈಕಾಲು ನಡುಗಿ, ಇಲ್ಲದ ಜನರ ಜೊತೆ ಮಾತಾಡತೊಡಗಿ, ಫಿಟ್ಸ್ ಬಂತು. ಇದನ್ನು ದಯವಿಟ್ಟು ನೆನಪಿಡಿ: ವರ್ಷಗಟ್ಟಲೆ ದಿನವೂ ಕುಡಿದವರು ಮನೆಯಲ್ಲೇ ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರು, ಆಮೇಲೆ ಮೀಟಿಂಗು.

ಈ ವಿಷಯದಲ್ಲಿ ಚೆನ್ನೈನವರಾದ ನಾವು ಅದೃಷ್ಟವಂತರು. ಗಂಡ ರಂಗನಾಥನ್ ಅವರನ್ನು ಕುಡಿತದಿಂದಾಗಿ ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಆರಂಭಿಸಿದ ಸಂಸ್ಥೆ, ಟಿಟಿಕೆ ಆಸ್ಪತ್ರೆ ಎಂದೇ ಹೆಸರಾದದ್ದು, ಅಡಯಾರ್ ಕಡೆಯ ಇಂದಿರಾನಗರದಲ್ಲಿದೆ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೀಲ್ಪಾಕ್‌ನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ, ಅದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ.

ಆಸ್ಪತ್ರೆಯಿಂದ ಹೊರಟಾಗ ಭಾವಮೈದನಿಗೆ ಹೇಳಿದ್ದು ಒಂದೇ ಮಾತು: ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋಗು. ಎಎ ಎನ್ನುತ್ತಾರಲ್ಲ, ಅದು. ಅಮೆರಿಕದಲ್ಲಿ 1935ರಲ್ಲಿ ಶೇರು ವ್ಯವಹಾರದ ಒಬ್ಬರು ಮತ್ತು ಒಬ್ಬ ಡಾಕ್ಟರು, ಇಬ್ಬರೂ ಕುಡಿತದಿಂದ ಹಾಳಾದವರೇ, ಸೇರಿ ಶುರುಮಾಡಿದ್ದು. ನಮ್ಮ ದೇಶಕ್ಕೆ 1957ರಲ್ಲಿ ಬಂತು. ವಿಳಾಸ ಹುಡುಕುವುದು ಕಷ್ಟವಲ್ಲ, ಅವರ ವೆಬ್‌ಸೈಟಿನಲ್ಲಿದೆ. ಕಷ್ಟ ಇರುವುದು ಗೇಟಿನ ಹತ್ತಿರ. ಎರಡು ಸಲ ಅವನು ಬಸ್ಸಿಳಿದು ಹಾಗೇ ವಾಪಸ್ ಬಂದ. ಮೂರನೆಯ ಸಲ ನಾನೇ ಜೊತೆಗೆ ಹೋದೆ. ಒಂದು ಚರ್ಚಿನ ಹಿಂದಿನ ಕೊಠಡಿ.

"ಭಾವ, ಒಳಗೆ ಯಾರಾದರೂ ಗುರುತಿನವರು ಕಂಡರೆ?"

"ಕಂಡರೆ ಅವರೂ ಅದಕ್ಕೇ ಬಂದಿರುತ್ತಾರಲ್ಲಪ್ಪ" ಎಂದೆ.

ಅವತ್ತು ಕುಡಿತದ ತೊಂದರೆ ಇರುವವರಿಗೆ ಮಾತ್ರ ನಡೆಯುವ ಮೀಟಿಂಗು. ನಾನು ಎದುರಿನ ಟೀ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂತೆ. ಮನೆಯವರೂ ಹೋಗಬಹುದಾದ ಮೀಟಿಂಗುಗಳು ಬೇರೆ ಇವೆ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಸಂಘಟನೆಯೂ ಇದೆ, ಅವನ ಹೆಂಡತಿ ಈಗಲೂ ಹೋಗುತ್ತಾಳೆ.

ಒಳಗೆ ಮಾತೆಲ್ಲ ತಮಿಳು. ನಾವು ತಮಿಳಿನಲ್ಲಿ ವ್ಯಾಪಾರ ಮಾಡುತ್ತೇವೆ, ಜಗಳವನ್ನೂ ಆಡುತ್ತೇವೆ. ಹೆಂಡತಿಯ ಸರ ಅಡ ಇಟ್ಟ ಕಥೆ ಹೇಳಬೇಕಾದರೆ ಮಾತ್ರ ನಾಲಿಗೆ ಮನೆಮಾತನ್ನೇ ಹುಡುಕುತ್ತದೆ. ಎರಡು ತಿಂಗಳು ಅವನು ಬಾಯಿ ಬಿಡಲಿಲ್ಲ, ಯಾರೂ ಬಲವಂತ ಮಾಡಲಿಲ್ಲ. ಕೊನೆಗೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿ ಅತ್ತನಂತೆ. ಅಲ್ಲಿದ್ದವರಿಗೆ ಎಲ್ಲವೂ ಅರ್ಥವಾಯಿತಂತೆ.

ಎಂಟನೆಯ ತಿಂಗಳು ಒಂದು ಮದುವೆಯಲ್ಲಿ ಮತ್ತೆ ಕುಡಿದ. ನಾನು ಕೂಗಾಡಿದೆ. ಅವನ ಗುಂಪಿನವರೊಬ್ಬರು ಆ ರಾತ್ರಿಯೇ ಸ್ಕೂಟರಿನಲ್ಲಿ ಬಂದು ಪಕ್ಕದಲ್ಲಿ ಕೂತರು, ಒಂದು ಬೈಗುಳವಿಲ್ಲ. ಮರುದಿನದಿಂದ ಲೆಕ್ಕ ಮತ್ತೆ ಒಂದರಿಂದ. ಈಗ ನಾಲ್ಕು ವರ್ಷ ದಾಟಿದೆ. ಅವನನ್ನು ಕೇಳಿದರೆ 'ಇವತ್ತು ಕುಡಿದಿಲ್ಲ' ಎನ್ನುತ್ತಾನೆ, ಅಷ್ಟೇ. ಮೀಟಿಂಗು ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ಹೇಳಲಾರೆ, ಒಂದೆರಡು ಸಲ ಹೋಗಿ ಬಿಟ್ಟವರನ್ನೂ ಕಂಡಿದ್ದೇನೆ.

ಕೃತಜ್ಞತೆಯಿಂದ ಆ ಗುಂಪಿಗೆ ಒಂದು ಚೆಕ್ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ! ಹೊರಗಿನವರ ಹಣ ಮುಟ್ಟಬಾರದೆಂದು ಅವರ ನಿಯಮ. ಶುಲ್ಕವಿಲ್ಲ, ತಮ್ಮತಮ್ಮಲ್ಲೇ ಕೂಡಿಸಿದ ಚಿಲ್ಲರೆಯಲ್ಲಿ ಬಾಡಿಗೆ, ಟೀ ಖರ್ಚು ನಡೆಯುತ್ತದೆ. ಚೆಕ್ ವಾಪಸ್ ಕೊಡುವವರನ್ನು ನನ್ನ ಸರ್ವಿಸಿನಲ್ಲಿ ನಾನು ನೋಡಿರಲಿಲ್ಲ.

ಹಾಗಾದರೆ ದಾನಿಗಳನ್ನು ನಾನು ಏನು ಕೇಳುತ್ತಿದ್ದೇನೆ? ಮೀಟಿಂಗಿಗೆ ಮುಂಚಿನ ಆಸ್ಪತ್ರೆ ಖರ್ಚು, ಸಂಪಾದಿಸುವವನು ಒಳರೋಗಿಯಾಗಿರುವಾಗ ಆ ಮನೆಯ ಬಾಡಿಗೆ, ರೇಷನ್ನು, ಮಕ್ಕಳ ಶಾಲೆ ಫೀಸು. ಲಿವರ್ ಕೈಕೊಟ್ಟ ಮೇಲೆ ನಾವು ಕೊಡುವ ಮೊತ್ತಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಈ ಅರ್ಜಿಗಳಲ್ಲಿ ಹೆಸರು ಸಮಿತಿಯ ಮುಂದೆ ಬರದೆ ಬರಿಯ ನಂಬರು ಬರಲಿ, ಲಕೋಟೆಯನ್ನು ಕಾರ್ಯದರ್ಶಿಗಳು ಮಾತ್ರ ಒಡೆಯಲಿ ಎಂದು ಸಮಿತಿಯನ್ನು ಕೋರುತ್ತೇನೆ.

ಇನ್ನು ಗೇಟಿನವರೆಗೆ ಜೊತೆಗೆ ಬರುವವರು ಬೇಕು, ಕನ್ನಡ ಬಲ್ಲವರು, ಬಾಯಿ ಬಿಗಿಹಿಡಿಯಬಲ್ಲವರು. ಮೂರು ನಾಲ್ಕು ಜನ ಹೆಸರು ಕೊಟ್ಟರೆ ಸಾಕು. ಗುರುವಾರ ಸಂಜೆ ನನಗೆ ಬಿಡುವಿದೆ, ಆ ಟೀ ಅಂಗಡಿಯೂ ಗುರುತಾಗಿದೆ.