ಗಾಯರಾಣದಾಗ ಬಂದೂಕು ಬೇಡ, ಕುಡಗೋಲು ಇರಲಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)





ನಾನು ಬಿ.ಎ. ಓದುವ ಹುಡುಗ. ಪ್ರತಿ ವರ್ಷ ಇಲ್ಲಿ ಶಿಕ್ಷಣ, ನೌಕರಿ, ಮೀಸಲಾತಿ ಬಗ್ಗೆ ಮಾತು ಆಗತಾವ. ಈ ಸಲ ನಾನು ಹಕ್ಕಿ, ಹುಲ್ಲಿನ ಬಗ್ಗೆ ಮಾತಾಡತೀನಿ ಅಂದಾಗ ಗೆಳೆಯರು ನಕ್ಕರು. "ನಮಗೇ ಜಾಗ ಇಲ್ಲ, ಹಕ್ಕಿಗೆ ಯಾಕೋ?" ಅಂದರು. ಪ್ರಶ್ನೆ ಸರಿ ಅದ. ಅದಕ್ಕೇ ಉತ್ತರ ಕೊಡಬೇಕಂತ ನಿಂತೀನಿ.

ನಮ್ಮ ಮುತ್ಯಾ ಹೇಳತಿದ್ದ. ದೊಡ್ಡವರು ಶಿಕಾರಿಗೆ ಬಂದರೆ ನಮ್ಮ ಕೇರಿ ಗಂಡಸರಿಗೆ ಕರೆ ಬರತಿತ್ತು. ಹಲಗಿ ಬಾರಿಸಿ, ಕೂಗು ಹಾಕಿ ಚಿಗರಿಗಳನ್ನು ಬಂದೂಕಿನ ಎದುರಿಗೆ ಓಡಿಸಬೇಕು. ಕೂಲಿ ಇಲ್ಲ, ಬಿಟ್ಟಿ ಚಾಕರಿ. ಮಾಂಸ ಅವರ ಮನೆಗೆ, ಮುಳ್ಳು ನಮ್ಮ ಕಾಲಿಗೆ ಅಂತಿದ್ದ.

ಈಗಿನದು ಕೇಳಿರಿ. ಹೋದ ವರ್ಷ ದೀಪಾವಳಿ ಮುಂದ ನಮ್ಮ ಆಯಿ ಗಾಯರಾಣದಿಂದ ಒಣಹುಲ್ಲಿನ ಹೊರಿ ಹೊತ್ತು ಬರುವಾಗ ಕಾವಲಿನವನೊಬ್ಬ ತಡೆದು ಕುಡಗೋಲು ಕಸಕೊಂಡ. ಅದೇ ವಾರ ರಾತ್ರಿ ಜೀಪು ಬಂತು. ಬೆಳಕು ಕಣ್ಣಿಗೆ ಬಿದ್ದರೆ ಮೊಲ ದಿಕ್ಕು ತಪ್ಪಿ ನಿಲ್ಲತಾವ. ಎರಡು ಗುಂಡಿನ ಸಪ್ಪಳ ಇಡೀ ಕೇರಿ ಕೇಳಿತು. ಆ ಜೀಪನ್ನು ಯಾರೂ ತಡಿಲಿಲ್ಲ.

ಬೇಟೆ ತಡೆಯಲು ಕಾನೂನು ಇಲ್ಲ ಅಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದ. ಚಿಗರಿ, ತೋಳ, ನವಿಲು ಎಲ್ಲಕ್ಕೂ ರಕ್ಷಣೆ ಅದ. ಆದರೆ ಕಾನೂನು ಯಾರ ಕೈ ಹಿಡೀತದ, ಯಾರನ್ನ ಬಿಡತದ ಅನ್ನೋದೇ ನಮ್ಮ ಪ್ರಶ್ನೆ.

ಸೋಲಾಪುರದ ಹತ್ತಿರ ನಾನ್ನಜ ಅದ. ಅಲ್ಲಿ ಎರೆಭೂತನ ಅಭಯಾರಣ್ಯ. ಮರಾಠಿಯಲ್ಲಿ ಮಾಳಢೋಕ ಅಂತಾರ. ಗಂಡು ಹಕ್ಕಿ 15 ಕಿಲೋವರೆಗೂ ತೂಗತದ. ಹೆಣ್ಣು ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿ ಇಡತದ. ಇಂಥ ಹಕ್ಕಿ ಬೇಟೆಗೆ ಬಲಿಯಾಯಿತು, ಹುಲ್ಲುಗಾವಲು ಹೋಗಿ ನೆಲೆ ಕಳಕೊಂಡಿತು, ಈಗ ವಿದ್ಯುತ್ ತಂತಿಗೆ ಬಡಿದು ಸಾಯತದ. ಇಡೀ ದೇಶದಲ್ಲಿ ಇನ್ನೂರೂ ಉಳಿದಿಲ್ಲ. ಹೆಚ್ಚಿನವು ರಾಜಸ್ಥಾನದಾಗ ಅವ.

1979ರಲ್ಲಿ ಇದಕ್ಕಾಗಿ 8,496 ಚದರ ಕಿಲೋಮೀಟರ್ ಘೋಷಿಸಿದರು. ಗೆರೆಯೊಳಗೆ ಊರು, ಹೊಲ, ರಸ್ತೆ ಎಲ್ಲ ಬಂದವು. ತಮ್ಮ ಹೊಲ ಮಾರಲಿಕ್ಕೂ ಜನ ತ್ರಾಸು ಪಟ್ಟರು. ಸಿಟ್ಟು ಹಕ್ಕಿ ಮೇಲೆ ತಿರುಗಿತು. ಕಡೆಗೆ 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಜನರನ್ನು ಕೇಳದೆ ಎಳೆದ ಗೆರೆ ಹಕ್ಕಿಯನ್ನೂ ಉಳಿಸಲಿಲ್ಲ.

ಗಡಿಯಾಚೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಾಗ ಇನ್ನೊಂದು ತಪ್ಪು ಆಯಿತು. ಹುಲ್ಲುಗಾವಲು ಬರೇ ಬೀಳು ಅಂತ ತಿಳಿದು ನೀಲಗಿರಿ ಗಿಡ ಬೆಳೆಸಿದರು. ಎರೆಭೂತ ಬಯಲಿನ ಹಕ್ಕಿ, ಅಲ್ಲಿಂದ ಕಾಣೆಯಾಯಿತು. ಹಸಿರು ಕಂಡಿದ್ದೆಲ್ಲ ಕಾಡಲ್ಲ. ಒಣ ಹುಲ್ಲೂ ಒಂದು ಮನೆಯೇ. ಇದನ್ನ ನಮ್ಮ ಆಯಿಯಂಥವರು ಬಲ್ಲರು. ಮಳೆಗಾಲದಾಗ ಹುಲ್ಲು ಮುಟ್ಟಬಾರದು, ಬೀಜ ಉದುರಿದ ಮೇಲೆ ಕೊಯ್ಯಬೇಕು ಅಂತ ಆಕಿ ಹೇಳತಾಳ. ಹಕ್ಕಿ ತತ್ತಿ ಇಡೋದೂ ಹೆಚ್ಚಾಗಿ ಆ ಮಳೆಗಾಲದಾಗೇ.

ಇನ್ನು ಗೆಳೆಯರ ಪ್ರಶ್ನೆ. ಗಾಯರಾಣ ನಮಗೆ ಬರೇ ಹುಲ್ಲಲ್ಲ, ಖರೆ. 1959ರಲ್ಲಿ, ಮತ್ತೆ 1964ರಲ್ಲಿ ದಾದಾಸಾಹೇಬ ಗಾಯಕವಾಡರ ಮುಂದಾಳತ್ವದಲ್ಲಿ ನಮ್ಮ ಹಿರಿಯರು ಬೀಳು ಜಮೀನಿಗಾಗಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಆ ಹಕ್ಕು ಬಿಡಿರಿ ಅಂತ ನಾನು ಹೇಳೂದಿಲ್ಲ. ಆದರೆ ಮಹಾಡ ನೆನಪಿಸಿಕೊಳ್ಳಿರಿ. 1927ರ ಮಾರ್ಚ್ 20. ದನ ಕುಡಿಯುವ ಕೆರೆಯಾಗ ಮನುಷ್ಯರು ಕುಡಿಯಬಾರದು ಅಂದ ಕಾಲ. ಬಾಬಾಸಾಹೇಬರು ದನ ಓಡಿಸಲಿಕ್ಕೆ ಹೋಗಲಿಲ್ಲ. ಕೆರೆ ಎಲ್ಲರದು ಅಂತ ತಾವೂ ಬೊಗಸೆಯಲ್ಲಿ ನೀರು ಕುಡಿದರು. ನಮ್ಮ ಜಗಳ ಹಕ್ಕಿ ಜೋಡಿ ಅಲ್ಲ. ಎಲ್ಲರ ಜಾಗವನ್ನು ತನ್ನದು ಅನ್ನುವವನ ಜೋಡಿ.

ಹಂಗಾದರ ಏನು ಮಾಡೋಣ? ಸರಕಾರಿ ಜಮೀನಿನಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಲು 2002ರ ತಿದ್ದುಪಡಿ ದಾರಿ ಕೊಟ್ಟದ. ಘೋಷಣೆಗೆ ಮುಂಚೆ ಸ್ಥಳೀಯರ ಜೊತೆ ಸಮಾಲೋಚನೆ ಆಗಬೇಕು. ಸಲಹೆ ಕೊಡುವ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ ಇರಬೇಕು. ಆ ಒಬ್ಬರು ಯಾವ ಓಣಿಯವರು? ಅದನ್ನ ಕೇಳಲಿಕ್ಕೆ ನಾವು ಗ್ರಾಮಸಭೆಗೆ ಹೋಗಬೇಕು. ಹೋಗದಿದ್ದರೆ ಬೇರೆಯವರು ನಮ್ಮ ಪರವಾಗಿ ಸಹಿ ಹಾಕತಾರ.

ಸಂಘದ ಮುಂದೆ ಮೂರು ಮಾತು ಇಡತೀನಿ. ಒಂದು, ಗಾಯರಾಣದಲ್ಲಿ ಉಳುಮೆ ಮಾಡುತ್ತಿರುವ ಭೂಹೀನರ ಲೆಕ್ಕ ಮೊದಲು ಬಗೆಹರಿಯಲಿ. ಎರಡು, ಉಳಿದ ಹುಲ್ಲುಗಾವಲು ಶಿಕಾರಿ ಇಲ್ಲದ ಜಾಗ ಆಗಲಿ. ಬಂದೂಕು, ಬಲೆ, ಉರುಲು ಯಾರದ್ದಾದರೂ ಬೇಡ, ನಮ್ಮ ಹುಡುಗರದ್ದೂ ಬೇಡ. ನಾನೂ ಸಣ್ಣವನಿದ್ದಾಗ ಮೊಲಕ್ಕೆ ಉರುಲು ಹಾಕೀನಿ, ಇಲ್ಲಿ ಒಪ್ಪಿಕೊಳ್ಳತೀನಿ. ಮೂರು, ಸುಗ್ಗಿಯ ನಂತರ ಹುಲ್ಲು ಕೊಯ್ಯುವ ಹಕ್ಕು ಕೂಲಿ ಹೆಣ್ಣುಮಕ್ಕಳಿಗೆ ಬರಹದಲ್ಲಿ ಸಿಗಲಿ. ಕಾವಲಿನ ಕೆಲಸವೂ ಕೇರಿಯ ಹುಡುಗರಿಗೆ ಸಿಗಲಿ, ಪಗಾರದ ಜೋಡಿ.

ಮುತ್ಯಾ ಹಲಗಿ ಬಾರಿಸಿ ಚಿಗರಿ ಓಡಿಸಿದ, ಬಂದೂಕಿನವನ ಸಲುವಾಗಿ. ಮುಂದಿನ ಸಲ ರಾತ್ರಿ ಜೀಪು ಬಂದರೆ ನಾವು ಅದೇ ಹಲಗಿ ಬಾರಿಸೋಣ, ಜೀಪು ಓಡಿಸಲಿಕ್ಕೆ. ಆಯಿಯ ಕುಡಗೋಲು ಇನ್ನೂ ವಾಪಸ್ ಬಂದಿಲ್ಲ. ಬರುವ ಗ್ರಾಮಸಭೆಯಲ್ಲಿ ನಾನು ಅದನ್ನ ಕೇಳಾಂವ. ನೀವೂ ಬರ್ರಿ.

ಜೈ ಭೀಮ್.